ಪಿಕ್ಚರ್ ಹೆಂಗಿತ್ತು?

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಉತ್ತರ ಕನ್ನಡದಲ್ಲಿ ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬಂದವರನ್ನು ಬೆಳಿಗ್ಗೆ ಮಾತಿಗೆ ಎಳೆದು ನೋಡಿ. "ಆಟ ಹೆಂಗಾತು?" ಅಂದರೆ ಸಾಕು, ಚಾ ಆರಿ ಹೋದರೂ ಮಾತು ಮುಗಿಯುವುದಿಲ್ಲ. ಭಸ್ಮಾಸುರನ ಪ್ರವೇಶ ಹೇಗಾಯಿತು, ಮೋಹಿನಿ ಎದುರು ಬಂದಾಗ ಅವನ ಕಣ್ಣು ಎಲ್ಲಿತ್ತು, ಭಾಗವತರು ಯಾವ ಪದ್ಯವನ್ನು ಹಿಡಿದು ನಿಲ್ಲಿಸಿದರು, ಚಂಡೆ ಎಲ್ಲಿ ಜೋರಾಯಿತು, ಎಲ್ಲ ಬರುತ್ತದೆ. ಯಕ್ಷಗಾನ ಕಲಾವಿದ ಚಿತ್ತಾಣಿ ರಾಮಚಂದ್ರ ಹೆಗಡೆಯವರು ತೀರಿಕೊಂಡದ್ದು 2017ರಲ್ಲಿ. ಅವರ ಕೀಚಕ ಹೆಚ್ಚೋ ಭಸ್ಮಾಸುರ ಹೆಚ್ಚೋ ಎಂಬ ವಾದ ಹೊನ್ನಾವರ, ಕುಮಟಾ ಕಡೆ ಇನ್ನೂ ತೀರಿಲ್ಲ. ಈ ಮಾತುಗಳಲ್ಲಿ ಕತೆ ಏನೆಂದು ಯಾರೂ ಹೇಳುವುದಿಲ್ಲ. ಕತೆ ಎಲ್ಲರಿಗೂ ಗೊತ್ತು. ಅದನ್ನು ಹೇಗೆ ಕಾಣಿಸಿದರು ಎಂಬುದೇ ಮಾತು.

ಅದೇ ಜನ ಸಿನಿಮಾ ನೋಡಿ ಬರಲಿ. "ಪಿಕ್ಚರ್ ಹೆಂಗಿತ್ತು?" ಅಂದರೆ "ಅಡ್ಡಿಲ್ಲೆ", "ಬೋರು", "ಒಂದ್ಸಲ ನೋಡ್ಲಕ್ಕು". ಅಷ್ಟೇ. ಹೆಚ್ಚು ಹೇಳಿದರೆ ಎಷ್ಟು ಕೋಟಿ ಗಳಿಸಿತು ಎಂಬ ಲೆಕ್ಕ. ಆ ಕೋಟಿಯಲ್ಲಿ ನಮಗೇನೂ ಬರುವುದಿಲ್ಲ, ಅದನ್ನು ನಿರ್ಮಾಪಕರಿಗೆ ಬಿಡೋಣ. ಆಟದ ಬಗ್ಗೆ ಇಷ್ಟು ಚೆನ್ನಾಗಿ ಮಾತಾಡಬಲ್ಲ ನಾವು ಸಿನಿಮಾದ ಬಗ್ಗೆಯೂ ಹಾಗೆಯೇ ಮಾತಾಡಬೇಕು ಎಂಬುದು ನನ್ನ ಆಸೆ. ಇಲ್ಲಿ ನಾವು ಕೆಲವರು ಸಿನಿಮಾ ಹುಚ್ಚಿನವರು ಆಗಾಗ ಸೇರುತ್ತೇವೆ. ನಿವೃತ್ತಿಯಾದ ಅಕ್ಕೋರೊಬ್ಬರಿದ್ದಾರೆ (ಶಾಲೆಯ ಶಿಕ್ಷಕಿಯನ್ನು ನಾವು ಅಕ್ಕೋರು ಎನ್ನುತ್ತೇವೆ), ಬೋಟಿಗೆ ಹೋಗುವ ತರುಣರಿದ್ದಾರೆ, ಘಟ್ಟದ ಮೇಲಿನ ತೋಟದವರಿದ್ದಾರೆ. ನವೆಂಬರಿನಲ್ಲಿ ಮಾಜಾಳಿ ಗಡಿ ದಾಟಿ ಪಣಜಿಯ ಚಿತ್ರೋತ್ಸವಕ್ಕೆ ಹೋಗಿ ಬರುವವರೂ ಇದ್ದಾರೆ. ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವ 2004ರಿಂದ ಗೋವಾದಲ್ಲೇ ನಡೆಯುತ್ತಿರುವುದು ಕಾರವಾರದವರಿಗೆ ಸಿಕ್ಕ ದೊಡ್ಡ ಭಾಗ್ಯ. ಈಚೆಗೆ ನಾವು ನೋಡಿದ, ಮತ್ತೆ ನೋಡಿದ ಕೆಲವು ಚಿತ್ರಗಳ ಬಗ್ಗೆ ನಮ್ಮೊಳಗೆ ಆದ ಮಾತನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು 'ಸು ಫ್ರಂ ಸೋ'. ತೆರೆಗೆ ಬಂದದ್ದು 2025ರ ಜುಲೈ 25ಕ್ಕೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲವಲ್ಲ, ಹಾಗಾಗಿ ನಮ್ಮ ಬೋಟಿನ ಹುಡುಗರೆಲ್ಲ ದಡದಲ್ಲೇ ಇದ್ದರು. ಹೊರಗೆ ಮಳೆ, ಒಳಗೆ ನಗೆ. ದೊಡ್ಡ ತಾರೆಯರಿಲ್ಲದ ಈ ಚಿತ್ರ ಬಾಯಿಂದ ಬಾಯಿಗೆ ಹರಡಿಯೇ ಗೆದ್ದಿತು. ಅಶೋಕ ಎಂಬ ಹುಡುಗ ಬಚ್ಚಲ ಹತ್ತಿರ ಕದ್ದು ನೋಡಲು ಹೋಗಿ ಸಿಕ್ಕಿಬೀಳುತ್ತಾನೆ. ತಪ್ಪಿಸಿಕೊಳ್ಳಲು ಮೈಮೇಲೆ ಬಂದವನಂತೆ ಆಡುತ್ತಾನೆ. ಸೋಮೇಶ್ವರದ ಸುಲೋಚನಾ ಬಂದಿದ್ದಾಳೆ ಎಂದು ಊರೇ ನಂಬುತ್ತದೆ.

ಇದರಲ್ಲಿ ನನಗೆ ಹಿಡಿಸಿದ್ದು ಅಶೋಕನಿಗಿಂತ ಊರು. ಒಬ್ಬ ಮಾತಾಡುವಾಗ ಹಿಂದೆ ನಿಂತ ನಾಲ್ವರು ಏನು ಮಾಡುತ್ತಿದ್ದಾರೆ ಎಂದು ನಿರ್ದೇಶಕ ಜೆ. ಪಿ. ತುಮಿನಾಡು ಮರೆಯುವುದಿಲ್ಲ. ಯಾವ ಕಷ್ಟಕ್ಕೂ ಮುಂದೆ ನಿಲ್ಲುವ ರವಿಯಣ್ಣನಂಥವರು ಕರಾವಳಿಯ ಪ್ರತಿ ಊರಲ್ಲೂ ಒಬ್ಬರಿದ್ದಾರೆ. ಮದುವೆ ಮನೆಯ ಚಪ್ಪರದಿಂದ ಹಿಡಿದು ಹೆಣ ಎತ್ತುವವರೆಗೆ ಅವರಿಲ್ಲದೆ ನಡೆಯುವುದಿಲ್ಲ. ಶನೀಲ್ ಗೌತಮ್ ಆ ಪಾತ್ರದಲ್ಲಿ ನಗಿಸಲು ಒಂದು ಕ್ಷಣವೂ ಪ್ರಯತ್ನಿಸುವುದಿಲ್ಲ, ಅದಕ್ಕೇ ನಗು ಬರುತ್ತದೆ. ನಮ್ಮ ಅಕ್ಕೋರಿಗೆ ಮಾತ್ರ ಒಂದು ಬೇಸರ. "ಬಚ್ಚಲಲ್ಲಿದ್ದ ಆ ಹೆಂಗಸಿಗೆ ಏನನಿಸಿತು ಅಂತ ಯಾರಾದ್ರೂ ಕೇಳಿದ್ರಾ?" ಎಂದರು. ಕತೆ ಶುರುವಾದದ್ದೇ ಅಲ್ಲಿಂದ, ಆದರೆ ನಗುವಿನ ಗದ್ದಲದಲ್ಲಿ ಆಕೆ ಹಿಂದೆ ಉಳಿದಳು. ಸುಲೋಚನಾಳ ಮಗಳು ಭಾನು ಬಂದ ಮೇಲೆ ಚಿತ್ರ ಹೆಣ್ಣಿನ ಕಷ್ಟದ ಕಡೆ ತಿರುಗುತ್ತದೆ ನಿಜ, ಆದರೂ ಅಕ್ಕೋರ ಪ್ರಶ್ನೆ ಪ್ರಶ್ನೆಯಾಗಿಯೇ ನಿಲ್ಲುತ್ತದೆ. ಚಿತ್ರವನ್ನು ಮೆಚ್ಚಿಕೊಂಡೇ ಇಂಥದ್ದನ್ನು ಕೇಳಬಹುದು. ಕೇಳಿದರೆ ಚಿತ್ರಕ್ಕೆ ಅವಮಾನವಾಗುವುದಿಲ್ಲ.

'ಕಾಂತಾರ'ದ ಮಾತು ನಮ್ಮಲ್ಲಿ 2022ರಿಂದಲೂ ನಡೆದಿದೆ. ಎಲ್ಲ ಕಡೆ ಜನ ಕೊನೆಯ ದೃಶ್ಯದ ಗುಳಿಗ ದೈವದ ಬಗ್ಗೆ, ರಿಷಬ್ ಶೆಟ್ಟರ ಕೂಗಿನ ಬಗ್ಗೆ ಮಾತಾಡಿದರು. ಆ ಅಭಿನಯಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಮಾತು ಹೆಚ್ಚು ಹೊತ್ತು ನಿಂತದ್ದು ಅರಣ್ಯಾಧಿಕಾರಿ ಮುರಳೀಧರನ ಮೇಲೆ. ನಿಲ್ಲದೆ ಇರುತ್ತದೆಯೇ? ನಮ್ಮ ಜಿಲ್ಲೆಯ ಬಹುಭಾಗ ಕಾಡು. ಸೊಪ್ಪಿನ ಬೆಟ್ಟ, ಅತಿಕ್ರಮಣ ಸಕ್ರಮ, 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿ, ಇವು ಇಲ್ಲಿಯ ಮನೆಮನೆಯ ಮಾತು. ಹಾಗೆಯೇ, 1983ರ ಸೆಪ್ಟೆಂಬರಿನಲ್ಲಿ ಶಿರಸಿ ಹತ್ತಿರದ ಸಾಲ್ಕಣಿಯ ಜನ ಕಾಡಿಗೆ ಹೋಗಿ ಕೊಡಲಿ ಬೀಳದಂತೆ ಮರಗಳನ್ನು ಅಪ್ಪಿ ನಿಂತದ್ದೂ ಇದೇ ನೆಲದಲ್ಲಿ. ಹೀಗಾಗಿ ಇಲ್ಲಿ ಕೂತು ಆ ಚಿತ್ರ ನೋಡುವವನಿಗೆ ಅಧಿಕಾರಿಯನ್ನು ಬರೀ ಖಳ ಎನ್ನಲೂ ಆಗುವುದಿಲ್ಲ, ನಾಯಕ ಶಿವನ ಕಡೆಗೇ ಪೂರ್ತಿ ವಾಲಲೂ ಆಗುವುದಿಲ್ಲ. ಕಿಶೋರ್ ಆ ಪಾತ್ರವನ್ನು ಅಷ್ಟು ಗಟ್ಟಿಯಾಗಿ ಹಿಡಿದಿದ್ದಾರೆ. ಅವನ ಮಾತು ಒರಟು, ಕಾನೂನು ಅವನ ಕಡೆ ಇದೆ, ಕಾಡಿನ ಮೇಲೆ ಪ್ರೀತಿಯೂ ಇದೆ.

ಅವನಿಗಿಂತಲೂ ನನ್ನನ್ನು ಕಾಡಿದವಳು ಲೀಲಾ. ಫಾರೆಸ್ಟ್ ಗಾರ್ಡ್ ಕೆಲಸ ಸಿಕ್ಕಿದ ಊರ ಹುಡುಗಿ, ಯೂನಿಫಾರ್ಮ್ ತೊಟ್ಟು ತನ್ನವರ ಜಾಗಕ್ಕೇ ಬೇಲಿ ಹಾಕುವಲ್ಲಿ ನಿಲ್ಲಬೇಕು. ನೌಕರಿಯೂ ಬೇಕು, ಊರೂ ಬೇಕು. ನಮ್ಮ ಕಡೆಯ ಎಷ್ಟೋ ಮನೆಯ ಮಕ್ಕಳು ಇದೇ ಇಲಾಖೆಯಲ್ಲಿದ್ದಾರೆ, ಅವರಿಗೆ ಈ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ. ಚಿತ್ರ ಅವಳ ಜೊತೆ ಇನ್ನಷ್ಟು ಹೊತ್ತು ಇರಬೇಕಿತ್ತು ಎಂದು ನನಗೆ ಅನಿಸುತ್ತಲೇ ಇದೆ. ಅದರ ಬದಲು ನಾಯಕ ಅವಳ ಸೊಂಟ ಚಿವುಟುವ ದೃಶ್ಯ ಇದೆ. ಅದು ಬೇಡವಾಗಿತ್ತು. ಆ ದೃಶ್ಯಕ್ಕೆ ಚಪ್ಪಾಳೆ ಬಿದ್ದದ್ದು ಇನ್ನೂ ಬೇಡವಾಗಿತ್ತು.

ಅದರ ಹಿಂದಿನ ಕತೆ ಹೇಳುವ 'ಕಾಂತಾರ ಅಧ್ಯಾಯ 1' 2025ರ ಅಕ್ಟೋಬರ್ 2ಕ್ಕೆ ಬಂತು. ಕಾಡಿನ ಜನ ಬಂದರಿಗೆ ಇಳಿದು ತಾವೇ ಸಾಂಬಾರ ಪದಾರ್ಥದ ವ್ಯಾಪಾರಕ್ಕೆ ತೊಡಗುವ ಭಾಗ ನನಗೆ ತುಂಬ ಇಷ್ಟವಾಯಿತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಜಿಲ್ಲೆ ನಮ್ಮದು. ಮೆಣಸು ಘಟ್ಟ ಇಳಿದು ಹೊನ್ನಾವರ, ಭಟ್ಕಳದಲ್ಲಿ ಹಡಗು ಹತ್ತುತ್ತಿತ್ತು. ಬೆಳೆದವನಿಗೂ ಹಡಗಿನವನಿಗೂ ನಡುವೆ ಯಾರು ನಿಂತಿದ್ದರು ಎಂಬ ಪ್ರಶ್ನೆಯನ್ನು ಒಂದು ಅದ್ದೂರಿ ಚಿತ್ರ ಎತ್ತಿದ್ದು ಸಣ್ಣ ಮಾತಲ್ಲ. ಆದರೆ ಯುದ್ಧ, ರಥ, ಗ್ರಾಫಿಕ್ಸ್ ಬಂದ ಹಾಗೆಲ್ಲ ಆ ಪ್ರಶ್ನೆ ಬದಿಗೆ ಸರಿಯಿತು. ನಮ್ಮ ಬೋಟಿನ ಹುಡುಗರು ಇದನ್ನು ಒಪ್ಪುವುದಿಲ್ಲ. ದೊಡ್ಡ ಪರದೆಗೆ ದೊಡ್ಡದೇ ಬೇಕು ಎನ್ನುತ್ತಾರೆ. ಇರಲಿ, ಅವರು ಅದನ್ನು ಮತ್ತೆ ಮತ್ತೆ ನೋಡಿ ಹೇಳುತ್ತಿರುವ ಮಾತು.

'ಸಪ್ತ ಸಾಗರದಾಚೆ ಎಲ್ಲೋ' ಬಗ್ಗೆ ಎರಡೇ ಮಾತು. 2023ರಲ್ಲಿ ಎರಡು ಭಾಗವಾಗಿ ಬಂತು, ಮೊದಲನೆಯದರಲ್ಲಿ ನೀಲಿ, ಎರಡನೆಯದರಲ್ಲಿ ಕೆಂಪು. ಆ ಬಣ್ಣಗಳನ್ನು ಮೊದಲು ಗುರುತಿಸಿದವಳು ನಮ್ಮ ಜೊತೆ ಬಂದಿದ್ದ ಶಾಲೆಯ ಹುಡುಗಿ, ನಾವ್ಯಾರೂ ಅಲ್ಲ. ಎರಡನೆಯ ಭಾಗದಲ್ಲಿ ಮನು ಜೈಲಿನಿಂದ ಬಂದು ಹಿಂದಿನ ಪ್ರೇಯಸಿ ಪ್ರಿಯಾಳ ಸಂಸಾರವನ್ನು ಅವಳಿಗೆ ತಿಳಿಯದಂತೆ ಹಿಂಬಾಲಿಸುತ್ತಾನಲ್ಲ, ಅದು ಪ್ರೀತಿಯೋ ಕಾಟವೋ ಎಂದು ನಮ್ಮಲ್ಲಿ ಎರಡು ಪಕ್ಷಗಳೇ ಆಗಿವೆ. ನಾನು ಎರಡನೆಯ ಪಕ್ಷದವನು.

ಇನ್ನು ನಾನು ಮನಸ್ಸಿಟ್ಟು ಹೇಳಬೇಕೆಂದು ಬಂದ ಚಿತ್ರ. ಗಿರೀಶ ಕಾಸರವಳ್ಳಿಯವರ 'ದ್ವೀಪ'. ಹೊಸದಲ್ಲ, 2002ರದು. ಅದರ ಮೂಲ ಕತೆ ಬರೆದ ನಾ. ಡಿಸೋಜ 2025ರ ಜನವರಿಯಲ್ಲಿ ತೀರಿಕೊಂಡ ಮೇಲೆ ನಾವು ಒಂದು ಮನೆಯ ಜಗಲಿಯಲ್ಲಿ ಕೂತು ಅದನ್ನು ನೋಡಿದೆವು. ಡಿಸೋಜರು ಸಾಗರದವರು, ಶರಾವತಿ ಯೋಜನೆಯ ಕೆಲಸದಲ್ಲಿದ್ದವರು, ಮುಳುಗಡೆಯನ್ನು ಹತ್ತಿರದಿಂದ ಕಂಡವರು. ಅದೇ ಶರಾವತಿ ಹೊನ್ನಾವರದಲ್ಲಿ ಕಡಲು ಸೇರುತ್ತದೆ.

ಆ ದಿನ ನಮ್ಮ ಜೊತೆ ಸುಪಾ ಕಡೆಯ ಹಿರಿಯರೊಬ್ಬರಿದ್ದರು. ಕಾಳಿ ನದಿಗೆ ಅಣೆಕಟ್ಟು ಕಟ್ಟಿದ ಮೇಲೆ ಸುಪಾ ಪೇಟೆ ನೀರೊಳಗೆ ಹೋಯಿತು, ತಾಲೂಕಿನ ಹೆಸರು ಜೋಯಿಡಾ ಆಯಿತು. ಕಾರವಾರದ ಸೀಬರ್ಡ್ ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟ ಮನೆಯ ಹೆಂಗಸರೂ ಇದ್ದರು. ಚಿತ್ರದಲ್ಲಿ ಅಣೆಕಟ್ಟಿನ ನೀರು ಏರುತ್ತಿರುವಾಗ ಗುಡ್ಡದ ಮೇಲೆ ಉಳಿಯುವುದು ಮೂರೇ ಜನ: ದೇವಸ್ಥಾನದ ಪೂಜೆಯ ದುಗ್ಗಜ್ಜ, ಮಗ ಗಣಪ, ಸೊಸೆ ನಾಗಿ. ಪರಿಹಾರದ ಹಣ ತಗೊಂಡು ಹೋಗಬಹುದು. ಆದರೆ ಇಲ್ಲಿ ಊರವರು ಕೈ ಮುಗಿಯುವ ದುಗ್ಗಜ್ಜ ಅಲ್ಲಿ ಯಾರು? ಈ ಪ್ರಶ್ನೆಯನ್ನು ಚಿತ್ರ ಮಾತಿನಲ್ಲಿ ಕೇಳುವುದಿಲ್ಲ. ಎಂ. ವಿ. ವಾಸುದೇವರಾಯರು ಆ ಮುದುಕನಾಗಿ ನಡೆಯುವ ರೀತಿಯಲ್ಲೇ ಅದು ಇದೆ.

ಮಳೆಯನ್ನು ನೋಡಿ, ಆ ಚಿತ್ರದ ಮಳೆಯನ್ನು. ಎಚ್. ಎಂ. ರಾಮಚಂದ್ರರ ಛಾಯಾಗ್ರಹಣಕ್ಕೆ ರಾಷ್ಟ್ರಪ್ರಶಸ್ತಿ ಬಂದದ್ದು ಸುಮ್ಮನೆ ಅಲ್ಲ. ಹಾಡಿಗೆ ಕುಣಿಯುವ ಸಿನಿಮಾ ಮಳೆಯಲ್ಲ ಅದು. ನಮ್ಮ ಆಷಾಢದ ಮಳೆ, ಒಲೆಯ ಸೌದೆ ಹತ್ತದ, ಬಟ್ಟೆ ಒಣಗದ, ಮನೆಯೊಳಗೆ ಹಗಲೇ ಮಬ್ಬಾಗುವ ಮಳೆ. ಸುಪಾದ ಹಿರಿಯರು ಇಡೀ ಚಿತ್ರದಲ್ಲಿ ಒಂದೇ ಸಲ ಮಾತಾಡಿದ್ದು, "ನೀರು ಹಿಂಗೇ ಬರ್ತದೆ, ಸದ್ದೇ ಇರೂದಿಲ್ಲ" ಅಂತ.

ದುಗ್ಗಜ್ಜ ಹೋದ ಮೇಲೆ ಗಣಪ ಕುಸಿದು ಕೂರುತ್ತಾನೆ. ಮನೆಯನ್ನೂ ಅವನನ್ನೂ ಹಿಡಿದು ನಿಲ್ಲಿಸುವವಳು ನಾಗಿ. ನಾಗಿಯಾದ ಸೌಂದರ್ಯ ಈ ಚಿತ್ರದ ನಿರ್ಮಾಪಕಿಯೂ ಹೌದು. ನಾವೆಲ್ಲ ಬೇರೆಯೇ ಥರದ ಪಾತ್ರಗಳಲ್ಲಿ ನೋಡಿದ್ದ ನಟಿ, ಇಲ್ಲಿ ಕೆಸರಲ್ಲಿ ನಿಂತು ಮಳೆಗೆ ಎದುರಾಗುತ್ತಾಳೆ. ಕೊನೆಗೆ ಮಳೆ ನಿಲ್ಲುತ್ತದೆ, ಮನೆ ಉಳಿಯುತ್ತದೆ. ಆಗ ಗಣಪ ಏನನ್ನುತ್ತಾನೆ? ಎಲ್ಲ ದೇವರ ದಯೆ. ಹೆಂಡತಿಯ ದುಡಿತದ ಹೆಸರೇ ಇಲ್ಲ. ನಾಗಿಯ ಮುಖ ಒಂದು ಕ್ಷಣ ನಮ್ಮ ಮುಂದೆ ನಿಲ್ಲುತ್ತದೆ. ಅಲ್ಲಿ ಅಳು ಇಲ್ಲ, ಸಿಟ್ಟೂ ಇಲ್ಲ, ಅವೆರಡಕ್ಕಿಂತ ಭಾರವಾದದ್ದು ಏನೋ ಇದೆ. ಜಗಲಿಯಲ್ಲಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮಾತು ಶುರುವಾದದ್ದು ಆಮೇಲೆ. ಗಣಪ ಕೃತಘ್ನ ಎಂದೆ ನಾನು. ಅಕ್ಕೋರು ಒಪ್ಪಲಿಲ್ಲ. ಊರು, ಅಪ್ಪ, ಮರ್ಯಾದೆ ಎಲ್ಲ ಹೋದವನಿಗೆ ಉಳಿದದ್ದು ದೇವರೊಬ್ಬನೇ, ಅದನ್ನೂ ಬಿಡು ಎಂದರೆ ಹೇಗೆ ಎಂದರು. ನೌಕಾನೆಲೆಗೆ ಮನೆ ಕೊಟ್ಟ ಹೆಂಗಸೊಬ್ಬರು ಕೊಂಕಣಿ ಬೆರೆಸಿದ ಕನ್ನಡದಲ್ಲಿ ತಮ್ಮ ಅತ್ತೆಯ ಕತೆ ತೆಗೆದರು. ಹೊಸ ಜಾಗದಲ್ಲಿ ಬಾವಿ ತೋಡಿಸಿ, ಮಕ್ಕಳನ್ನು ಶಾಲೆಗೆ ಹಚ್ಚಿ, ಎಲ್ಲ ನಿಭಾಯಿಸಿದ ಅತ್ತೆ. ಮನೆ ಗಂಡಸರು ಇವತ್ತಿಗೂ ಹೇಳುವುದು ಪರಿಹಾರದ ಕೇಸು ಗೆದ್ದ ಕತೆಯನ್ನಂತೆ. ಒಂದು ಚಿತ್ರದ ಕೊನೆಯ ದೃಶ್ಯ ಒಬ್ಬರ ಅತ್ತೆಯನ್ನು ನಮ್ಮ ನಡುವೆ ತಂದು ಕೂರಿಸಿತು. ಒಬ್ಬನೇ ಮೊಬೈಲಿನಲ್ಲಿ ನೋಡಿ ಮಲಗಿದ್ದರೆ ಆ ಅತ್ತೆ ನನಗೆ ಸಿಗುತ್ತಿರಲಿಲ್ಲ.

ಸಿನಿಮಾ ಪಾಠ ಕಲಿಯದವರು ಮಾತಾಡಬಹುದೇ ಎಂದು ಕೆಲವರು ಹಿಂಜರಿಯುತ್ತಾರೆ. ಸಿದ್ದಾಪುರದಾಚೆ, ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರು 1970ರ ದಶಕದಲ್ಲೇ ನೀನಾಸಂ ಚಿತ್ರಸಮಾಜ ಕಟ್ಟಿ, ತೋಟದಲ್ಲಿ ದುಡಿಯುವವರಿಗೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿದರು. ಅವರು ನೋಡಿದರು, ಮಾತಾಡಿದರು. ಗಿರೀಶ ಕಾರ್ನಾಡರು ಸಿನಿಮಾಕ್ಕೆ ಬರುವ ಮೊದಲು ಹುಡುಗನಾಗಿ ಶಿರಸಿಯಲ್ಲಿ ಯಕ್ಷಗಾನ, ನಾಟಕ ನೋಡಿದವರು. ಆಟ ನೋಡಿ ಪಳಗಿದ ಕಣ್ಣು ನಮಗೂ ಇದೆ. ಒಂದೇ ಎಚ್ಚರ: ಪ್ರಸಂಗದ ಕತೆ ಎಲ್ಲರಿಗೂ ಗೊತ್ತು, ಹೊಸ ಚಿತ್ರದ್ದು ಗೊತ್ತಿರುವುದಿಲ್ಲ. ನೋಡದವರು ಎದುರಿಗಿದ್ದರೆ ಕೊನೆಯನ್ನು ಬಚ್ಚಿಡಿ. 'ದ್ವೀಪ'ದ ಕೊನೆ ಹೇಳಿಬಿಟ್ಟೆನಲ್ಲ ಎಂದರೆ, ಅದು ಗೊತ್ತಿದ್ದೂ ನೋಡಬೇಕಾದ ಚಿತ್ರ, ಗದಾಯುದ್ಧದ ಹಾಗೆ.

ಮುಂದೆ ನಾವು ನೋಡಬೇಕೆಂದಿರುವುದು ಕಾಸರವಳ್ಳಿಯವರದೇ 'ಘಟಶ್ರಾದ್ಧ'. 1977ರ ಆ ಚಿತ್ರ ಹೊಸದಾಗಿ ಸಂಸ್ಕರಣಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿದೆ. ಅಷ್ಟರಲ್ಲಿ ನೀವು 'ದ್ವೀಪ' ನೋಡಿ, ಗಣಪನ ವಿಷಯದಲ್ಲಿ ಅಕ್ಕೋರ ಕಡೆಯೋ ನನ್ನ ಕಡೆಯೋ ಎಂದು ಆಕಾಶವಾಣಿಗೆ ಒಂದು ಕಾಗದ ಬರೆಯಿರಿ. ಯಾವ ದೃಶ್ಯ ನೋಡಿ ಹಾಗನ್ನಿಸಿತು ಎಂಬುದನ್ನೂ ಬರೆಯಿರಿ. ನಮಸ್ಕಾರ.