ಕ್ಯಾಮೆರಾ ಸ್ವಲ್ಪ ಈ ಕಡೆ ತಿರುಗಿಸಿ

ಎಲ್ಲರಿಗೂ ನಮಸ್ಕಾರ. ಅಧ್ಯಕ್ಷರು ನನಗೆ ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. ಅದರಲ್ಲಿ ಐದು ನಿಮಿಷ ಮೈಕ್ ನುಂಗಿತು. ಆಮೇಲೆ ನೀವು ನೋಡಲಿರುವ ಸಂಗೀತೋತ್ಸವದ ಫಿಲ್ಮ್ ‘ವುಡ್‌ಸ್ಟಾಕ್’ ಮೂರು ಗಂಟೆಗೂ ಜಾಸ್ತಿ ಇದೆ. ಕಾಸರಗೋಡಿನವರಿಗೆ ಅದೇನು ದೊಡ್ಡದಲ್ಲ ಬಿಡಿ, ಬೆಳಗಿನವರೆಗೆ ಯಕ್ಷಗಾನದ ಆಟ ನೋಡಿದವರು ನಾವು.

ಕಥೆ ನಿಮಗೆ ಗೊತ್ತಿರುವುದೇ. 1969ರ ಆಗಸ್ಟ್, ನ್ಯೂಯಾರ್ಕ್ ರಾಜ್ಯ. ಹೆಸರು ವುಡ್‌ಸ್ಟಾಕ್ ಅಂತ ಇದ್ದರೂ ನಡೆದದ್ದು ಬೆಥೆಲ್ ಎಂಬಲ್ಲಿ, ಮ್ಯಾಕ್ಸ್ ಯಾಸ್ಗರ್ ಎಂಬ ದನ ಸಾಕುವ ರೈತರ ಜಾಗದಲ್ಲಿ. ಟಿಕೆಟ್ ಮಾರಿದ್ದರು. ಬೇಲಿ ಕಟ್ಟಿ ಮುಗಿಯುವ ಮೊದಲೇ ಜನ ಬಂದು ಕೂತಾಗಿತ್ತು, ಕೊನೆಗೆ ಎಲ್ಲರಿಗೂ ಫ್ರೀ ಎಂದು ಸಾರಬೇಕಾಯಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಟೆಂಟಿನ ಆಟ ಅಂತ ಹೊರಟದ್ದು ಬಯಲಾಟ ಆಯಿತು. ಸೇರಿದ್ದು ನಾಲ್ಕು ಲಕ್ಷಕ್ಕೂ ಹೆಚ್ಚು ಜನ. ಮಳೆ, ಕೆಸರು, ಊಟಕ್ಕೆ ತತ್ವಾರ.

ನಿರ್ದೇಶಕ ಮೈಕಲ್ ವಾಡ್ಲೀ ಏನು ಮಾಡಿದರು ಅಂದರೆ, ಕ್ಯಾಮೆರಾವನ್ನು ಜನರ ಕಡೆ ತಿರುಗಿಸಿದರು. ನಾನು ಹೇಳಲು ಬಂದದ್ದು ಇಷ್ಟೇ. ಪರದೆಯನ್ನು ಸೀಳಿ ಒಂದು ಕಡೆ ಹಾಡುವವರು, ಇನ್ನೊಂದು ಕಡೆ ಕೇಳುವವರು. ಕಕ್ಕಸು ತೊಳೆಯುವ ಒಬ್ಬರು ಬರುತ್ತಾರೆ ನೋಡಿ. ಒಬ್ಬ ಮಗ ಇಲ್ಲೇ ಇದ್ದಾನೆ, ಇನ್ನೊಬ್ಬ ವಿಯೆಟ್ನಾಂನಲ್ಲಿ ಹೆಲಿಕಾಪ್ಟರ್ ಹಾರಿಸುತ್ತಿದ್ದಾನೆ ಎಂದು ಕೆಲಸ ಮಾಡುತ್ತಲೇ ಹೇಳುತ್ತಾರೆ. ಆ ಕಾಲದ ಅಮೆರಿಕ ಅಷ್ಟರಲ್ಲೇ ಬಂತು, ಅಲ್ವಾ?

ಈಗ ನನ್ನ ಕಥೆ. ಕೆಲವರು ಕೇಳಿದ್ದೀರಿ, ಇನ್ನೊಮ್ಮೆ ಸಹಿಸಿಕೊಳ್ಳಿ. ಭಾವ ಗಲ್ಫಿನಿಂದ ವಿಡಿಯೋ ಕ್ಯಾಮೆರಾ ತಂದಿದ್ದರು. ಮನೆ ಹತ್ತಿರದ ಗದ್ದೆಯಲ್ಲಿ ಕೊಯ್ಲು ಮುಗಿದು ಹರಕೆಯ ಆಟ, ಪ್ರಸಂಗ ದೇವೀ ಮಹಾತ್ಮೆ. ನಾನು ರಂಗಸ್ಥಳದ ಎದುರೇ ಸ್ಟ್ಯಾಂಡ್ ಊರಿದೆ. ಭಾಗವತರು, ಚಂಡೆ, ಕಿರೀಟ, ಅಷ್ಟೇ. ಕ್ಯಾಮೆರಾ ಅಲ್ಲಾಡಿದರೆ ಭಾವ ಬೈಯುತ್ತಾರೆಂಬ ಹೆದರಿಕೆ ಬೇರೆ. ಆದರೆ ಮಹಿಷಾಸುರ ವೇಷ ಕಟ್ಟುವ ಚೌಕಿಯಿಂದ ನೇರ ರಂಗಸ್ಥಳಕ್ಕೆ ಬರುವವನಲ್ಲವಲ್ಲ! ಹಿಂದಿನಿಂದ, ಜನರ ನಡುವೆ, ದೊಂದಿ ಹಿಡಿದು, ಗರ್ನಾಲು ಸಿಡಿಸಿಕೊಂಡು ಬಂದ. ಕ್ಯಾಮೆರಾ ತಿರುಗಿಸಲೇಬೇಕಾಯಿತು. ಒಂದು ಇಪ್ಪತ್ತು ಸೆಕೆಂಡ್ ಇರಬಹುದು. ಆ ದೊಂದಿಯ ಬೆಳಕಿನಲ್ಲಿ ನನ್ನ ಸೋದರಮಾವ ಕಾಣುತ್ತಾರೆ. ತಲೆಗೆ ಬೈರಾಸು ಸುತ್ತಿ ಕೂತಲ್ಲೇ ತೂಕಡಿಸುತ್ತಿದ್ದವರು ಬೆಚ್ಚಿ ಏಳುತ್ತಾರೆ, ಮಡಿಲಿನ ನೆಲಕಡ್ಲೆ ಎಲ್ಲ ಚೆಲ್ಲುತ್ತದೆ. ಒಂದು ಕೈಯಿಂದ ಮಗಳ ಕಣ್ಣು ಮುಚ್ಚುತ್ತಾರೆ. ಅವಳು ಬೆರಳ ಸಂದಿಯಲ್ಲಿ ನೋಡುತ್ತಾಳೆ.

ಮಾವ ಈಗಿಲ್ಲ. ಅವರದ್ದು ಅಂತ ಓಡಾಡುವ ಚಿತ್ರ ಇರುವುದು ಅದೊಂದೇ. ಉಳಿದ ಇಡೀ ರಾತ್ರಿಯ ಆಟ ನಮ್ಮ ಮನೆಯಲ್ಲಿ ಯಾರಿಗೂ ಬೇಡ.

ಈಗ ಯೂಟ್ಯೂಬಿನಲ್ಲಿ ಆಟದ ಲೈವ್ ಬರುತ್ತದೆ. ಮೂರು ಕ್ಯಾಮೆರಾ, ಮೂರೂ ರಂಗಸ್ಥಳಕ್ಕೇ. ಮೇಲೆ ಡ್ರೋನ್ ಒಂದು, ಅದರಲ್ಲಿ ಶಾಮಿಯಾನದ ತಲೆ ಮಾತ್ರ ಕಾಣುತ್ತದೆ. ಮಾರ್ರೆ, ಚರುಮುರಿ ಮಾಡುವವನ ಕೈ ಯಾರಾದರೂ ತೆಗೆದಿದ್ದಾರಾ? ಚಾಪೆ ಸುರುಳಿ ಹಿಡಿದು ಸಂಜೆ ಏಳಕ್ಕೇ ಜಾಗ ಹಿಡಿಯುವ ಅಜ್ಜಿಯನ್ನು?

ಚೀಟಿ ಬಂತು. ಸರಿ, ಬೇಗ ಹೇಳುತ್ತೇನೆ. ಸಂಕಲನದ ಬಗ್ಗೆ ಜಾಸ್ತಿ ಹೇಳಬೇಕೆಂದಿದ್ದೆ. ಥೆಲ್ಮಾ ಸ್ಕೂನ್‌ಮೇಕರ್, ಮುಂದೆ ದೊಡ್ಡ ನಿರ್ದೇಶಕನಾದ, ಆಗ ಇನ್ನೂ ಹುಡುಗನಾಗಿದ್ದ ಮಾರ್ಟಿನ್ ಸ್ಕಾರ್ಸೆಸಿ, ಇವರೆಲ್ಲ ಕೂತು ಕತ್ತರಿಸಿದ ಫಿಲ್ಮ್ ಇದು, ಆಸ್ಕರ್ ಬಂತು. ಪಂಡಿತ್ ರವಿಶಂಕರ್ ಅಲ್ಲಿ ಮಳೆಯಲ್ಲಿ ಸಿತಾರ್ ನುಡಿಸಿದ್ದರು, 1970ರ ಈ ಫಿಲ್ಮಿನಲ್ಲಿ ಮಾತ್ರ ಅವರಿಲ್ಲ. ಅದೇ ಬೇಸಿಗೆಯಲ್ಲಿ ನ್ಯೂಯಾರ್ಕ್ ನಗರದ ಹಾರ್ಲೆಮಿನ ಪಾರ್ಕಿನಲ್ಲಿ ಕರಿಯರ ದೊಡ್ಡ ಸಂಗೀತೋತ್ಸವ ನಡೆಯಿತು. ಅದರ ಚಿತ್ರ ಸುಮಾರು 50 ವರ್ಷ ನೆಲಮಾಳಿಗೆಯಲ್ಲಿ ಬಿದ್ದಿತ್ತು, 2021ರಲ್ಲಷ್ಟೇ ಫಿಲ್ಮ್ ಆಗಿ ಹೊರಬಂತು. ನಿಮ್ಮ ಅಟ್ಟದಲ್ಲಿರುವ ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿಯುವ ಮೊದಲು ಇಳಿಸಿ, ಸುಮ್ನೆ ಹೇಳುತ್ತಿಲ್ಲ.

ಕೊನೆಗೆ ಗಿಟಾರಿನ ಜಿಮಿ ಹೆಂಡ್ರಿಕ್ಸ್ ಬರುವಾಗ ಸೋಮವಾರ ಬೆಳಗಾಗಿದೆ. ಹೆಚ್ಚಿನವರು ಹೋಗಿಯಾಗಿದೆ. ಕೆಸರು, ಕಸ, ನಿದ್ದೆಗಣ್ಣಿನ ನಾಲ್ಕು ಜನ. ಆಟ ಮುಗಿದು ಮಂಗಳ ಹಾಡುವ ಹೊತ್ತಿನ ಗದ್ದೆ ನೆನಪಾಗದಿದ್ದರೆ ಹೇಳಿ.

ಲೈಟ್ ಆರಿಸಿ. ಒಂದು ನಿಮಿಷ. ತಮ್ಮಾ, ಮೊಬೈಲ್ ಹಿಡಿದವನೇ, ಆಗಿನಿಂದ ನನ್ನನ್ನೇ ತೆಗೆಯುತ್ತಿದ್ದೀಯಲ್ಲ. ಮೂರನೇ ಸಾಲಿನಲ್ಲಿ ಅಜ್ಜ ಒಬ್ಬರು ಒಳ್ಳೆ ನಿದ್ದೆಯಲ್ಲಿದ್ದಾರೆ. ಅವರನ್ನು ತೆಗಿ.