ಗಾಳ ಹಾಕುವವರ ದಾಖಲೆ ಪುಸ್ತಕ ಮತ್ತು ಕಾವೇರಿಯ ಬಿಳಿಮೀನು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಸಭಿಕರೇ,

ಗಾಳ ಹಾಕುವವರು ನದಿಯನ್ನು ಕಾಯುತ್ತಾರೆ ಎಂದರೆ ಮೊದಲ ಸಲ ಕೇಳುವವರಿಗೆ ಮಾತು ಹಿಡಿಸುವುದಿಲ್ಲ. ಹಿಡಿಯುವ ಕೈಯೇ ಕಾಯುವ ಕೈಯೂ ಆಗುವುದು ಹೇಗೆ ಎಂದು ಅವರು ಕೇಳುತ್ತಾರೆ, ಆ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ವಾದದಿಂದ ಉತ್ತರ ಕೊಡುವ ಬದಲು, ಕಾವೇರಿ ದಡದಲ್ಲಿ ಐದು ದಶಕಗಳಿಂದ ನಡೆದುಬಂದ ಒಂದು ಸಂಗತಿಯನ್ನು ನಿಮ್ಮ ಮುಂದಿಡುತ್ತೇನೆ. ಗಾಳದ ಸಂಘಗಳು ಮಾಡಿದ ಒಳ್ಳೆಯ ಕೆಲಸ ಅದರಲ್ಲಿದೆ, ಅವು ಮಾಡಿದ ದೊಡ್ಡ ತಪ್ಪೂ ಇದೆ. ಎರಡೂ ನಮಗೆ ಗೊತ್ತಾದದ್ದು ಹಿಡಿದ ಮೀನಿನ ಲೆಕ್ಕವನ್ನು ದಿನದಿನವೂ ಬರೆದಿಟ್ಟ ಪುಸ್ತಕಗಳಿಂದ.

ಗಾಳ ಹಾಕುವುದನ್ನು ಒಂದು ವಿನೋದವಾಗಿ ಕಾಣುವುದು ನಮ್ಮ ನಾಡಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಇದ್ದು, ಮೀನಿನ ಬಗೆಗಳು, ಅವುಗಳಿಗೆ ಹಾಕುವ ಆಹಾರ, ಗಾಳದ ಕೋಲು, ದಾರ ಇವೆಲ್ಲದರ ವಿವರ ಅಲ್ಲಿದೆ. ಆದರೆ ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡುವ ಪದ್ಧತಿ ತೀರ ಈಚಿನದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಹಿಡಿದರು. ಕಾವೇರಿ ತೀರದವರು ಬಿಳಿಮೀನು ಎನ್ನುವ ಈ ಮೀನಿನ ಹೆಸರು ದೂರದ ದೇಶಗಳಿಗೂ ಹಬ್ಬಿದ್ದು ಅಂಥ ಮೀನುಗಳಿಂದ. ಆ ಕಾಲದ ಹವ್ಯಾಸಿಗಳಿಗೆ ನದಿ ಎಂದರೆ ಬರಿದಾಗದ ಕಣಜವಾಗಿತ್ತು.

ಕಣಜ ಬರಿದಾಗುತ್ತಿದೆ ಎಂಬ ಅಳುಕು 1970ರ ದಶಕದಲ್ಲಿ ಸಂಘಟಿತ ರೂಪ ಪಡೆಯಿತು. ದಕ್ಷಿಣ ಭಾರತ ವನ್ಯಜೀವಿ ಸಂಘವೂ ಕೊಡಗಿನ ವನ್ಯಜೀವಿ ಸಂಘವೂ ನದಿಯ ಕೆಲವು ಭಾಗಗಳ ಹೊಣೆ ಹೊತ್ತು, ಅಲ್ಲಿ ಗಾಳ ಹಾಕುವವರು ಮೀನನ್ನು ಜೀವಂತ ಬಿಡಲೇಬೇಕೆಂಬ ಕಟ್ಟಳೆಯನ್ನು ರೂಢಿಗೆ ತಂದವು. ಮುಂದೆ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಶಿಬಿರಗಳು ನಡೆದವು. ಈ ಶಿಬಿರಗಳಲ್ಲಿ ಬಳಕೆಯಲ್ಲಿದ್ದ ಎರೆ ನಮ್ಮ ಅಡುಗೆಮನೆಯದೇ ಆದ ರಾಗಿ ಹಿಟ್ಟು. ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ಸೆಳವಿನಲ್ಲಿ ಕರಗದ ಹಾಗೆ ನಾದಿ, ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ ಕೊಕ್ಕೆಗೆ ಮೆತ್ತುತ್ತಿದ್ದರು. ಯಾವ ಮಡುವಿನಲ್ಲಿ ಯಾವ ಹೊತ್ತಿಗೆ ಮೀನು ಏಳುತ್ತದೆ, ಯಾವ ಬಂಡೆಯ ಬುಡದಲ್ಲಿ ದಾರ ಸಿಕ್ಕಿಕೊಳ್ಳುತ್ತದೆ, ಹರಿಗೋಲನ್ನು ಎಲ್ಲಿ ನಿಲ್ಲಿಸಬೇಕು ಎಂಬುದನ್ನೆಲ್ಲ ತಿಳಿದವರು ಅಕ್ಕಪಕ್ಕದ ಹಳ್ಳಿಗಳ ಜನ. ಅವರಲ್ಲಿ ಕೆಲವರು ಹಿಂದೆ ಕದ್ದು ಬಲೆ ಬೀಸಿದವರು, ಮೀನು ಕೊಲ್ಲಲು ಮಡುವಿಗೆ ಸಿಡಿಮದ್ದಿನ ತೋಟೆ ಎಸೆದವರು. ಜೀವಂತ ಮೀನಿನಿಂದ ವರ್ಷವಿಡೀ ಸಂಬಳ ಬರುತ್ತದೆ ಎಂದಾದ ಮೇಲೆ ಅವರೇ ಕಾವಲುಗಾರರಾದರು. ನದಿ ಸಂರಕ್ಷಣೆಯ ವಿಷಯದಲ್ಲಿ ಇದಕ್ಕಿಂತ ಗಟ್ಟಿಯಾದ ವ್ಯವಸ್ಥೆಯನ್ನು ನಾನು ಕಂಡಿಲ್ಲ. ತೋಟೆಯ ಸದ್ದು ಎಲ್ಲಿಂದ ಬಂತೆಂದು ಕತ್ತಲಲ್ಲೂ ಗುರುತಿಸುವುದು, ಹಿಂದೆ ತಾನೇ ತೋಟೆ ಎಸೆದವನಿಗೆ ಮಾತ್ರ ಸಾಧ್ಯ.

ಈ ಶಿಬಿರಗಳಲ್ಲಿ ಇನ್ನೊಂದು ಸಣ್ಣ ಶಿಸ್ತಿತ್ತು. ಯಾರು ಎಷ್ಟು ಗಂಟೆ ಗಾಳ ಹಾಕಿದರು, ಎಷ್ಟು ಮೀನು ಸಿಕ್ಕಿತು, ಪ್ರತಿಯೊಂದರ ತೂಕವೆಷ್ಟು, ಅದು ಯಾವ ಬಗೆಯದು ಎಂಬುದನ್ನು ಅಂದಂದೇ ಬರೆದಿಡುತ್ತಿದ್ದರು. ಬರೆದವರು ಅದನ್ನು ವಿಜ್ಞಾನವೆಂದು ಎಣಿಸಿರಲಾರರು. ಆದರೆ ಗಾಳಿಬೋರೆ ಶಿಬಿರದ 1998ರಿಂದ 2012ರವರೆಗಿನ ಲೆಕ್ಕವನ್ನು ಮೀನುತಜ್ಞರು ಕೂಡಿಸಿ ನೋಡಿದಾಗ 23,620 ಗಂಟೆಗಳ ಶ್ರಮಕ್ಕೆ 6,161 ಮಹಶೀರ್‌ಗಳು ಸಿಕ್ಕಿ ಬಿಡುಗಡೆಯಾಗಿದ್ದವು. ಸರಾಸರಿ ತೆಗೆದರೆ ಸುಮಾರು ನಾಲ್ಕು ಗಂಟೆಗೆ ಒಂದು ಮೀನು. ಅರ್ಧ ಕಿಲೋಗಿಂತ ಚಿಕ್ಕ ಮರಿಯಿಂದ ಹಿಡಿದು ನಲವತ್ತಾರು ಕಿಲೋ ಮೀರಿದ ಮೀನಿನವರೆಗೆ ಎಲ್ಲ ತೂಕದವೂ ಅದರಲ್ಲಿವೆ. ಇಷ್ಟು ಕಾಲ, ಒಂದೇ ಜಾಗದಲ್ಲಿ, ಒಂದೇ ವಿಧಾನದಿಂದ ಮಹಶೀರ್ ಮೀನಿನ ಲೆಕ್ಕವನ್ನು ದಕ್ಷಿಣದಲ್ಲಿ ಯಾವ ಸಂಶೋಧನಾಲಯವಾದರೂ ಇಟ್ಟಿದೆ ಎಂದು ನನಗೆ ಅನ್ನಿಸುವುದಿಲ್ಲ.

ಮೇಲುನೋಟಕ್ಕೆ ಆ ಲೆಕ್ಕ ಸಂತೋಷ ಕೊಡುವಂಥದ್ದು. ವರ್ಷದಿಂದ ವರ್ಷಕ್ಕೆ ಸಿಗುವ ಮೀನಿನ ಸಂಖ್ಯೆ ಹೆಚ್ಚುತ್ತ ಹೋಗಿತ್ತು. ಕಾವಲು ಫಲ ಕೊಟ್ಟಿತು, ನದಿ ತುಂಬಿತು ಎಂದು ಯಾರಾದರೂ ಹೇಳಬಹುದಿತ್ತು. ಆದರೆ ಕಾವೇರಿಯಲ್ಲಿದ್ದದ್ದು ಒಂದೇ ಬಗೆಯ ಮಹಶೀರ್ ಅಲ್ಲ. ಒಂದು ನೀಲಿ ರೆಕ್ಕೆಯದು, ಇನ್ನೊಂದು ಕಿತ್ತಳೆ ಛಾಯೆಯ ರೆಕ್ಕೆಯ, ತಲೆಯ ಹಿಂದೆ ಬೆನ್ನು ಗೂನಾಗಿ ಏಳುವ ಬಗೆ. ನಲವತ್ತು ಐವತ್ತು ಕಿಲೋ ತೂಗಿ ಹೆಸರು ಮಾಡಿದ್ದು ಈ ಗೂನುಬೆನ್ನಿನ ಮೀನು. ಎರಡರ ಲೆಕ್ಕವನ್ನೂ ಬೇರೆಬೇರೆ ಮಾಡಿದಾಗ ಚಿತ್ರವೇ ಬದಲಾಯಿತು. ಹೆಚ್ಚಿದ್ದೆಲ್ಲ ನೀಲಿ ರೆಕ್ಕೆಯದು. ಗೂನುಬೆನ್ನಿನದು ಸಂಖ್ಯೆಯಲ್ಲಿ ಕುಸಿಯುತ್ತ, ಸಿಕ್ಕ ಕೆಲವೇ ಮೀನುಗಳ ಸರಾಸರಿ ತೂಕ ಮಾತ್ರ ಏರುತ್ತ ಹೋಗಿತ್ತು. ಸಂಖ್ಯೆ ಇಳಿದು ತೂಕ ಏರಿತೆಂದರೆ ಏನರ್ಥ? ಊರಿನಲ್ಲಿ ಅಜ್ಜ ಅಜ್ಜಿಯರಷ್ಟೇ ಉಳಿದು ಶಾಲೆಗೆ ಒಂದು ಮಗುವೂ ಬರದಿದ್ದರೆ ಏನರ್ಥವೋ ಅದೇ ಇಲ್ಲಿಯೂ. ಮುದಿ ಮೀನುಗಳಿದ್ದವು, ಮರಿಗಳಿರಲಿಲ್ಲ.

ಮರಿಗಳು ಯಾಕೆ ಇಲ್ಲವಾದವು ಎಂಬುದಕ್ಕೆ ಒಂದೇ ಕಾರಣ ಹೇಳಲಾಗದು. ಮಹಶೀರ್ ಮಳೆಗಾಲದ ಹೊಸ ನೀರಿಗೆ ಎದುರೇರಿ, ಬೆಣಚುಕಲ್ಲಿನ ಮೇಲೆ ತಿಳಿನೀರು ಹರಿಯುವ ಕಡೆ ಮೊಟ್ಟೆ ಇಡುವ ಮೀನು. ಕನ್ನಂಬಾಡಿ, ಕಬಿನಿ, ಹೇಮಾವತಿ, ಹಾರಂಗಿ ಕಟ್ಟೆಗಳು ಆ ದಾರಿಯನ್ನು ತುಂಡರಿಸಿವೆ. ಮರಳು ಬಗೆದ ಕಡೆ ತಳ ಕೆಸರಾಗುತ್ತದೆ, ಕಲ್ಲಿನ ಸಂದಿಯ ಮೊಟ್ಟೆಗೆ ಉಸಿರು ಸಿಗುವುದಿಲ್ಲ. ಬೆಂಗಳೂರಿನ ಕೊಳಚೆಯನ್ನು ವೃಷಭಾವತಿ ಅರ್ಕಾವತಿಗೆ ಒಯ್ದರೆ, ಅರ್ಕಾವತಿ ಅದನ್ನು ಸಂಗಮದಲ್ಲಿ ಕಾವೇರಿಗೆ ಸುರಿಯುತ್ತದೆ. ಇವೆಲ್ಲ ಬೇರೆಯವರು ಮಾಡಿದ್ದು ಎನ್ನಬಹುದು. ನೀಲಿ ರೆಕ್ಕೆಯ ಮೀನಿನ ವಿಷಯದಲ್ಲಿ ಮಾತ್ರ ಹಾಗೆನ್ನಲು ಬಾರದು. ಅದು ಮೂಲತಃ ಕೃಷ್ಣಾ ಕೊಳ್ಳದ ಕಡೆಯದು. ಮಹಾರಾಷ್ಟ್ರದ ಲೋಣಾವಳದ ಮೀನುಮರಿ ಕೇಂದ್ರದಲ್ಲಿ ಅದನ್ನು ಕೃತಕವಾಗಿ ಮರಿ ಮಾಡಿಸುವ ವಿದ್ಯೆ ಕೈಗೂಡಿದ ಮೇಲೆ, 1970ರ ದಶಕದಿಂದ ಅದರ ಮರಿಗಳನ್ನು ದಕ್ಷಿಣದ ಹಲವು ನದಿಗಳಿಗೆ ತಂದು ಬಿಡಲಾಯಿತು. ಮಹಶೀರ್ ಕಡಿಮೆಯಾಗಿದೆ, ಮಹಶೀರ್ ಮರಿ ಬಿಡೋಣ ಎಂದು ಪ್ರೀತಿಯಿಂದಲೇ ಮಾಡಿದ ಕೆಲಸ ಅದು. ಗಾಳದ ಸಂಘಗಳೂ ಅದರಲ್ಲಿ ಕೈ ಜೋಡಿಸಿದ್ದವು. ಕಾವೇರಿಯದೇ ಆದ ಮೀನಿನ ಮನೆಗೆ, ಅದೇ ಆಹಾರ ಬೇಡುವ, ಬೇಗ ಹೆಚ್ಚುವ ಇನ್ನೊಂದನ್ನು ತಂದು ಕೂರಿಸುತ್ತಿದ್ದೇವೆ ಎಂದು ಯಾರಿಗೂ ಹೊಳೆಯಲಿಲ್ಲ. ಮೀನಿನ ಹೆಸರನ್ನೇ ಸರಿಯಾಗಿ ತಿಳಿಯದೆ ಮೀನನ್ನು ಉಳಿಸಹೊರಟಿದ್ದೆವು.

ಹೆಸರು ತಿಳಿಯದೆ ಎಂದದ್ದು ಅಲಂಕಾರದ ಮಾತಲ್ಲ. ನೂರೈವತ್ತು ವರ್ಷಗಳಿಂದ ಜಗತ್ತಿನ ಹವ್ಯಾಸಿಗಳೆಲ್ಲ ಕೊಂಡಾಡಿದ ಈ ಗೂನುಬೆನ್ನಿನ ಮೀನಿಗೆ ವಿಜ್ಞಾನದಲ್ಲಿ ಖಚಿತವಾದ ಹೆಸರಿರಲಿಲ್ಲ. ಕೇರಳದಲ್ಲಿ ಹರಿಯುವ ಕಾವೇರಿಯ ಉಪನದಿ ಪಾಂಬಾರ್‌ನಿಂದ ವಿವರಿಸಲಾಗಿದ್ದ, ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಮತ್ಸ್ಯವಿಜ್ಞಾನಿ ರೇಮಾದೇವಿ ಅವರ ಗೌರವಾರ್ಥ ಹೆಸರಿಟ್ಟಿದ್ದ ಟಾರ್ ರೇಮಾದೇವಿಯೈ ಎಂಬ ಮೀನೂ ಇದೂ ಒಂದೇ ಎಂದು ಡಿಎನ್ಎ ಪರೀಕ್ಷೆಯ ನೆರವಿನಿಂದ ಸ್ಥಿರಪಟ್ಟದ್ದು 2018ರಲ್ಲಿ. ಅದೇ ವರ್ಷ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಅದನ್ನು ಅಳಿವಿನ ತೀರ ಅಂಚಿಗೆ ಬಂದ ಜೀವಿಗಳ ಪಟ್ಟಿಗೆ ಸೇರಿಸಿತು. ಹೆಸರು ಬಂದದ್ದೂ ಅಪಾಯದ ಗಂಟೆ ಬಾರಿಸಿದ್ದೂ ಒಟ್ಟಿಗೇ ಆಯಿತು. ಡಿಎನ್ಎ ಪರೀಕ್ಷೆಗೆ ಬೇಕಾದ ಮೀನು ಮುಖ್ಯವಾಗಿ ಸಿಕ್ಕಿದ್ದು, ಬಂಡೀಪುರದ ಅಂಚಿನಲ್ಲಿ ಹರಿದು ಭವಾನಿಯನ್ನು ಸೇರುವ ಮೋಯಾರ್ ನದಿಯಲ್ಲಿ. ಇಂದು ಅದರ ಬಲವಾದ ನೆಲೆ ಉಳಿದಿರುವುದೂ ಅಲ್ಲೇ.

ಗಾಳಿಬೋರೆಯ ಲೆಕ್ಕ 2012ಕ್ಕೆ ನಿಂತದ್ದೇಕೆಂದು ನೀವು ಕೇಳಬಹುದು. ಅಭಯಾರಣ್ಯದೊಳಗೆ ಗಾಳ ಹಾಕುವುದೂ ವನ್ಯಜೀವಿ ಕಾಯ್ದೆಯ ಪ್ರಕಾರ ಬೇಟೆಯೇ ಎಂದು ತೀರ್ಮಾನವಾಗಿ, ಆ ಹೊತ್ತಿಗೆ ಅಲ್ಲಿ ಗಾಳ ಹಾಕುವುದು ನಿಂತಿತು. ಕಾಯ್ದೆಯನ್ನು ನಾನು ಗೌರವಿಸುತ್ತೇನೆ. ಅಭಯಾರಣ್ಯದಲ್ಲಿ ಮನರಂಜನೆಗೆ ಮಿತಿ ಇರಬೇಕೆಂಬ ಮಾತಿನಲ್ಲಿ ಹುರುಳಿದೆ. ಆದರೆ ನದಿಯ ದಡದಲ್ಲಿ ದಿನವೂ ಕಣ್ಣಿಟ್ಟು ಕೂರುತ್ತಿದ್ದ ಜನ ಎದ್ದು ಹೋದದ್ದೂ, ಬರೆಯುತ್ತಿದ್ದ ಪುಸ್ತಕ ಮುಚ್ಚಿದ್ದೂ ನಷ್ಟವೇ. ಅವರು ಎದ್ದು ಹೋದ ಜಾಗದಲ್ಲಿ ಇನ್ನೊಬ್ಬರನ್ನು, ಗಾಳವಿಲ್ಲದೆಯಾದರೂ, ಕೂರಿಸಬೇಕಿತ್ತು.

ನಮ್ಮ ಪುಟ್ಟ ಸಂಘದ ಕೆಲಸ ಶುರುವಾದದ್ದು ಈ ಯೋಚನೆಯಿಂದ. ನಾವು ಅಭಯಾರಣ್ಯದ ಹೊರಗೆ, ಪರವಾನಗಿ ಪಡೆದ ಜಾಗದಲ್ಲಿ, ಹೆಚ್ಚಾಗಿ ಫ್ಲೈ ವಿಧಾನದಿಂದ ಗಾಳ ಹಾಕುತ್ತೇವೆ. ಈ ವಿಧಾನದಲ್ಲಿ ಎರೆ ಎಂಬುದಿಲ್ಲ. ಕೊಕ್ಕೆಗೆ ನೂಲು, ಗರಿ, ಕೂದಲು ಸುತ್ತಿ ಹುಳುವಿನ ಅಥವಾ ಮರಿಮೀನಿನ ರೂಪ ಕೊಡುತ್ತಾರೆ, ಅದೇ ಫ್ಲೈ. ಅದಕ್ಕೆ ಎಸೆಯುವಷ್ಟು ಭಾರವೇ ಇರುವುದಿಲ್ಲವಾದ್ದರಿಂದ ಭಾರವೆಲ್ಲ ದಾರದಲ್ಲಿರುತ್ತದೆ, ಕೋಲು ಬೀಸಿ ದಾರವನ್ನು ಗಾಳಿಯಲ್ಲಿ ಬಿಚ್ಚಿ ಹಾಸಿದರೆ ಫ್ಲೈ ಅದರ ತುದಿಯಲ್ಲಿ ಸದ್ದಿಲ್ಲದೆ ಇಳಿಯುತ್ತದೆ. ರಾಗಿ ಉಂಡೆಗೆ ಹೋಲಿಸಿದರೆ ಇದರಲ್ಲಿ ಮೀನು ಸಿಗುವುದು ಅಪರೂಪ. ಆದರೂ ನಾನು ಇದನ್ನೇ ಮೆಚ್ಚುವುದಕ್ಕೆ ಕಾರಣವಿದೆ. ನೀರಿನಲ್ಲಿ ಈ ವಾರ ಯಾವ ಹುಳುವಿದೆ, ಅದು ಯಾವ ಬಣ್ಣದ್ದು, ತಳದಲ್ಲಿ ತೆವಳುತ್ತದೆಯೋ ಮೇಲೆ ತೇಲುತ್ತದೆಯೋ ಎಂದು ತಿಳಿಯದವನ ಫ್ಲೈ ಕೆಲಸಕ್ಕೆ ಬಾರದು. ಈ ಹವ್ಯಾಸ ಹಿಡಿದವನು ಕಲ್ಲು ಮಗುಚಿ ನೋಡದೆ ಇರಲಾರ.

ಕಲ್ಲು ಮಗುಚುವುದು ಹೇಗೆಂದು ಒಂದು ಕ್ಷಣ ನೋಡೋಣ. ಮಳೆಗಾಲದ ಕೆಂಪು ನೀರು ಇಳಿದು ಹೊಳೆ ತಿಳಿಯಾದ ಮೇಲೆ, ಮೊಣಕಾಲುದ್ದದ ಸೆಳವಿನಲ್ಲಿ ನಿಂತು, ಅಂಗೈಯಗಲದ ಕಲ್ಲನ್ನು ಮೆಲ್ಲಗೆ ಎತ್ತಿ, ತಳಭಾಗವನ್ನು ಬಿಳಿ ತಟ್ಟೆಯ ನೀರಿನ ಮೇಲೆ ಹಿಡಿಯುತ್ತೇವೆ. ಮೊದಲು ಏನೂ ಕಾಣುವುದಿಲ್ಲ. ಒಂದು ನಿಮಿಷ ಕಳೆದರೆ ಕಲ್ಲಿನ ಬಣ್ಣದ್ದೇ ಒಂದು ಚೂರು ಅಲುಗುತ್ತದೆ. ಚಪ್ಪಟೆ ಮೈ, ಸಾಮಾನ್ಯವಾಗಿ ಮೂರು ಕೂದಲಿನಂಥ ಬಾಲ, ಹೊಟ್ಟೆಯ ಎರಡೂ ಬದಿಗೆ ಬೀಸಣಿಗೆಯಂತೆ ಆಡುವ ಕಿವಿರು. ಅದು ಮೇಫ್ಲೈ ಎಂಬ ಕೀಟದ ಮರಿ. ಪಕ್ಕದಲ್ಲಿ ಮರಳ ಕಣಗಳನ್ನು ತನ್ನ ರೇಷ್ಮೆಯಿಂದ ಅಂಟಿಸಿ ಮಾಡಿಕೊಂಡ ಕೊಳವೆಯಿಂದ ತಲೆ ಹೊರಹಾಕುವ ಕ್ಯಾಡಿಸ್ ಹುಳು. ಎರಡೇ ಬಾಲವಿದ್ದರೆ ಸಾಮಾನ್ಯವಾಗಿ ಸ್ಟೋನ್‌ಫ್ಲೈ, ಅದು ಕಂಡ ದಿನ ನಮಗೆ ಸಂಭ್ರಮ, ಏಕೆಂದರೆ ತಂಪಾದ, ಆಮ್ಲಜನಕ ತುಂಬಿದ ನೀರಲ್ಲದೆ ಅದು ಬಾಳುವುದಿಲ್ಲ. ಕೊಳಚೆ ಸೇರಿದ ಕಡೆ ಇವೆಲ್ಲ ಒಂದೊಂದಾಗಿ ಮಾಯವಾಗಿ ಕೆಸರಿನಲ್ಲಿ ಕೆಂಪು ದಾರದಂಥ ಹುಳುಗಳಷ್ಟೇ ಉಳಿಯುತ್ತವೆ. ಬ್ರಿಟನ್ನಿನ ಫ್ಲೈ ಗಾಳದ ಸಂಘಗಳು ಇದನ್ನೇ ಕ್ರಮಬದ್ಧ ಮಾಡಿವೆ. ತರಬೇತಿ ಪಡೆದ ಸದಸ್ಯರು ಮೂರು ನಿಮಿಷ ಹೊಳೆಯ ತಳ ಕಲಕಿ, ಜಾಳಿಗೆಯಲ್ಲಿ ಸಿಕ್ಕ ಎಂಟು ಗುಂಪಿನ ಜೀವಿಗಳನ್ನು ಎಣಿಸುತ್ತಾರೆ. ಎಣಿಕೆ ಗೊತ್ತಾದ ಮಟ್ಟಕ್ಕಿಂತ ಇಳಿದರೆ ಸರ್ಕಾರದ ಪರಿಸರ ಸಂಸ್ಥೆಗೆ ಕೂಡಲೇ ತಿಳಿಸುತ್ತಾರೆ. ಪ್ರಯೋಗಾಲಯಕ್ಕೆ ಒಯ್ದ ನೀರು ಆ ಗಳಿಗೆಯ ಸ್ಥಿತಿಯನ್ನು ಮಾತ್ರ ಹೇಳುತ್ತದೆ. ಕಲ್ಲಿನಡಿಯ ಹುಳು ಕಳೆದ ಹಲವು ತಿಂಗಳು ಆ ನೀರಿನಲ್ಲಿ ಏನೇನು ಹರಿದುಹೋಯಿತೆಂಬುದಕ್ಕೆ ಸಾಕ್ಷಿ.

ಮೀನನ್ನು ಬಿಡುವ ಕ್ರಮದ ಬಗ್ಗೆಯೂ ಎರಡು ಮಾತು ಹೇಳಲೇಬೇಕು. ಬಿಟ್ಟ ಮಾತ್ರಕ್ಕೆ ಮೀನು ಬದುಕಿತೆಂದಲ್ಲ. ನಮ್ಮ ಕೊಕ್ಕೆಗಳ ತುದಿಯಲ್ಲಿ ಹಿಂದಕ್ಕೆ ಬಾಗಿದ ಮುಳ್ಳಿಲ್ಲ. ಒಣಗಿದ ಕೈ ತಾಗಿದರೆ ಮೈಮೇಲಿನ ಲೋಳೆ ಕಿತ್ತುಬಂದು ಸೋಂಕು ತಗಲುತ್ತದೆಯಾದ್ದರಿಂದ ಕೈ ತೋಯಿಸಿಕೊಂಡೇ ಮುಟ್ಟಬೇಕು, ಸಾಧ್ಯವಾದಷ್ಟು ಅದನ್ನು ನೀರಿನಿಂದ ಎತ್ತಲೇಬಾರದು. ಸೋತ ಮೀನನ್ನು ಸೆಳವಿಗೆ ಮುಖ ಮಾಡಿ ಹಿಡಿದಾಗ ಕಿವಿರು ನಿಧಾನವಾಗಿ ತೆರೆದು ಮುಚ್ಚುತ್ತದೆ, ಬಾಲದ ಬುಡ ಬಿಗಿಯುತ್ತದೆ, ಆಮೇಲೆ ಅದು ತಾನಾಗಿ ಕೈ ಬಿಡಿಸಿಕೊಂಡು ಹೋಗುವವರೆಗೆ ಕಾಯಬೇಕು. ಬೇಸಿಗೆಯಲ್ಲಿ ನೀರು ಬಿಸಿಯೇರಿ ಆಮ್ಲಜನಕ ಇಳಿದಾಗ ನಾವು ಗಾಳ ಮುಟ್ಟುವುದಿಲ್ಲ. ಆ ತಿಂಗಳುಗಳಲ್ಲಿ ದಡದ ಪೊದೆಗಳಿಗೂ ಬಂಡೆಗಳಿಗೂ ಸುತ್ತಿಕೊಂಡಿರುವ ನೈಲಾನ್ ದಾರ ಬಿಡಿಸುವುದೇ ಕೆಲಸ. ಅದು ಕೊಳೆಯುವುದಿಲ್ಲ, ನೀರುನಾಯಿಗೂ ನೀರುಕಾಗೆಗೂ ಕುಣಿಕೆಯಾಗುತ್ತದೆ.

ಇಷ್ಟಾದ ಮೇಲೆ ಮತ್ತೆ ಪುಸ್ತಕದ ಮಾತಿಗೆ ಬರುತ್ತೇನೆ. ನಮ್ಮ ದಾಖಲೆ ಪುಸ್ತಕದಲ್ಲಿ ದಿನಾಂಕ, ಗಂಟೆ, ನೀರಿನ ಬಣ್ಣ, ಕಲ್ಲಿನಡಿಯ ಹುಳುಗಳ ಎಣಿಕೆ, ಮೀನಿನ ಉದ್ದ ಇವುಗಳಿಗೆಲ್ಲ ಅಂಕಣಗಳಿವೆ. ಮರಿ ಬಿಡುವ ಕೆಲಸವನ್ನು ನಾವು ಮಾಡುವುದಿಲ್ಲ, ಯಾರಾದರೂ ಉಚಿತವಾಗಿ ಮರಿ ಕೊಡುತ್ತೇವೆಂದು ಬಂದರೂ, ಯಾವ ನದಿಯ ತಾಯಿಮೀನಿನದು ಎಂದು ಕೇಳದೆ ಒಪ್ಪುವುದಿಲ್ಲ. ಮಹಶೀರ್ ಸಿಕ್ಕಾಗ ಅದು ನೀಲಿ ರೆಕ್ಕೆಯದೋ ಗೂನುಬೆನ್ನಿನದೋ ಎಂದು ಬರೆಯಲು ಎರಡು ಪ್ರತ್ಯೇಕ ಅಂಕಣಗಳಿವೆ. ಎರಡನೆಯದರಲ್ಲಿ ಇದುವರೆಗೆ ಒಂದು ನಮೂದೂ ಇಲ್ಲ. ಜಾಗ ಸುಮ್ಮನೆ ಹಾಳಾಗುತ್ತದೆ, ಮುಂದಿನ ಪುಸ್ತಕದಲ್ಲಿ ಅದನ್ನು ತೆಗೆದುಬಿಡೋಣ ಎಂದು ಕಿರಿಯ ಸದಸ್ಯರೊಬ್ಬರು ಹೋದ ಸಭೆಯಲ್ಲಿ ಸೂಚಿಸಿದರು. ಸಾಕಷ್ಟು ಚರ್ಚೆಯಾಯಿತು. ಹೊಸ ಪುಸ್ತಕ ಅಚ್ಚಾಗಿ ಬಂದಿದೆ, ಆ ಅಂಕಣ ಇದ್ದಲ್ಲೇ ಇದೆ.

ನಮಸ್ಕಾರ.