ಮೆಡ್‌ಫರ್ಡಿನ ಬಂಗಲೆ, ಅಂಗಳದ ಇನ್ನೊಂದು ಮನೆ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಬಾಸ್ಟನ್ ನಗರದ ಮಗ್ಗುಲಲ್ಲೇ ಮೆಡ್‌ಫರ್ಡ್ ಎಂಬ ಊರಿದೆ. ಅಲ್ಲಿ ಬ್ರಿಟಿಷರ ಆಳ್ವಿಕೆಯ ಕಾಲದ ಒಂದು ಮನೆಯನ್ನು ಮ್ಯೂಸಿಯಂ ಮಾಡಿ ಉಳಿಸಿಕೊಂಡಿದ್ದಾರೆ. ರಾಯಲ್ ಮನೆತನದ ಮೂರಂತಸ್ತಿನ ಬಂಗಲೆ ಅದು. ದೂರದಿಂದ ನೋಡಿದರೆ ಮೂಲೆಗಳಿಗೆ ಕಲ್ಲು ಕಟ್ಟಿದಂತಿದೆ. ಹತ್ತಿರ ಹೋದರೆ ಮರ! ಕಲ್ಲಿನ ಹಾಗೆ ಕಾಣಲೆಂದೇ ಕೆತ್ತಿಸಿದ್ದು.

ನೋಡಲು ಹೋದವರು ಸಾಮಾನ್ಯವಾಗಿ ನೇರ ಬಂಗಲೆಯ ಒಳಗೇ ನಡೆಯುತ್ತಾರೆ. ನಾನು ಹೇಳುವುದಾದರೆ, ಮೊದಲು ಅಂಗಳದಲ್ಲಿರುವ ಇನ್ನೊಂದು ಕಟ್ಟಡಕ್ಕೆ ಹೋಗಿ. ಗುಲಾಮರು ಇದ್ದದ್ದು ಅಲ್ಲಿ. ಐಸಾಕ್ ರಾಯಲ್ ಆಂಟಿಗುವಾ ದ್ವೀಪದ ಕಬ್ಬಿನ ತೋಟದಿಂದ ದುಡ್ಡು ಮಾಡಿದವನು. 1737ರಲ್ಲಿ ಇಲ್ಲಿಗೆ ಬಂದಾಗ ಹೆಂಡತಿ ಮಕ್ಕಳ ಜೊತೆ 27 ಮಂದಿ ಗುಲಾಮರನ್ನೂ ತಂದ. 'ತಂದ' ಎಂದೇ ಹೇಳಬೇಕು, ಆಗಿನ ಕಾನೂನು ಅವರನ್ನು ಸೊತ್ತೆಂದೇ ಎಣಿಸುತ್ತಿತ್ತು. ಇಲ್ಲಿ ಅಗೆದಾಗ ಒಡೆದ ಪಾತ್ರೆಯ ಚೂರಿನಿಂದ ಮಾಡಿಕೊಂಡ ಆಟದ ಬಿಲ್ಲೆಗಳು ಸಿಕ್ಕವು. ಇಡೀ ಮನೆಯಲ್ಲಿ ನನ್ನನ್ನು ತಡೆದು ನಿಲ್ಲಿಸುವುದು ಅವೇ. ದಿನವಿಡೀ ಇನ್ನೊಬ್ಬರಿಗಾಗಿ ದುಡಿದ ಕೈ, ಒಂದಿಷ್ಟು ಬಿಡುವು ಸಿಕ್ಕಾಗ ತನಗಾಗಿ ಮಾಡಿಕೊಂಡದ್ದು.

ಇದನ್ನು ಕಂಡ ಮೇಲೆ ಬಂಗಲೆಗೆ ಬನ್ನಿ. ಹಜಾರ, ಮಹಡಿ ಮೆಟ್ಟಿಲು, ಕುಸುರಿಯ ಮರಗೆಲಸ ಎಲ್ಲ ಚೆಂದವೇ. ಆದರೆ ಈಗ ಒಲೆ ಕಂಡರೆ ಸೌದೆ ಹೊತ್ತವರು ಯಾರು ಎಂಬ ಪ್ರಶ್ನೆ ತಾನಾಗಿ ಬರುತ್ತದೆ.

ಅವರಲ್ಲಿ ಒಬ್ಬಾಕೆಯ ಹೆಸರು ದಾಖಲೆಯಲ್ಲಿ ಗಟ್ಟಿಯಾಗಿ ಉಳಿದಿದೆ: ಬೆಲಿಂಡಾ ಸಟನ್. ಸ್ವಾತಂತ್ರ್ಯ ಯುದ್ಧ ಶುರುವಾದಾಗ, 1775ರಲ್ಲಿ, ಬ್ರಿಟಿಷರ ಪಕ್ಷದವನಾದ ಐಸಾಕ್ ರಾಯಲ್‌ನ ಮಗ ಈ ಮನೆ ಬಿಟ್ಟು ಓಡಿದ. ಆಸ್ತಿ ಸರ್ಕಾರದ ವಶವಾಯಿತು. ಆತ ಉಯಿಲಿನಲ್ಲಿ ಬಿಟ್ಟ ಜಮೀನಿನ ಹಣದಿಂದ ಮುಂದೆ ಹಾರ್ವರ್ಡಿನಲ್ಲಿ ಕಾನೂನು ಪ್ರಾಧ್ಯಾಪಕ ಪೀಠ ಹುಟ್ಟಿತು. ಆ ಮನೆತನದ ಗೋಧಿ ಸಿವುಡಿನ ಲಾಂಛನ ಅಲ್ಲಿನ ಕಾನೂನು ಶಾಲೆಯ ಮುದ್ರೆಯಲ್ಲಿತ್ತು. ಅದನ್ನು ಕೈಬಿಟ್ಟದ್ದು 2016ರಲ್ಲಿ.

ಬೆಲಿಂಡಾಗೆ ಏನೂ ಇರಲಿಲ್ಲ. ವಯಸ್ಸಾಗಿತ್ತು, ಕಾಯಿಲೆಯ ಮಗಳು ಬೇರೆ. 1783ರಲ್ಲಿ ಆಕೆ ಮ್ಯಾಸಚೂಸೆಟ್ಸ್ ಶಾಸನಸಭೆಗೆ ಅರ್ಜಿ ಕೊಟ್ಟಳು. ಬಾಲ್ಯದಲ್ಲಿ ಆಫ್ರಿಕದಿಂದ ತನ್ನನ್ನು ಹಿಡಿದು ತಂದದ್ದನ್ನು ಹೇಳಿ, ಈ ಐಶ್ವರ್ಯ ತನ್ನ ದುಡಿಮೆಯಿಂದಲೂ ಬೆಳೆದದ್ದು, ಅದರಲ್ಲಿ ಪಾಲು ಬೇಕೆಂದು ಕೇಳಿದಳು. ಸಭೆ ಒಪ್ಪಿತು: ವರ್ಷಕ್ಕೆ 15 ಪೌಂಡು 12 ಶಿಲ್ಲಿಂಗ್. ಹಣ ಮಾತ್ರ ಸರಿಯಾಗಿ ಬರಲಿಲ್ಲ. ಆಕೆ ಸುಮ್ಮನಾಗಲಿಲ್ಲ, ಮತ್ತೆ ಅರ್ಜಿ ಕೊಟ್ಟಳು, ಅದಾದ ಮೇಲೆ ಮತ್ತೆ.

ಓದು ಬರಹ ಬಾರದ ಆಕೆ ಸಹಿಯ ಜಾಗದಲ್ಲಿ ಒಂದು ಗುರುತು ಹಾಕಿದ್ದಾಳೆ. ಎರಡು ಗೆರೆ, ಒಂದರ ಮೇಲೊಂದು ಅಡ್ಡ.